ಡಿಸ್ಕಿನೊಳಗಿನ ಸೇನಾಪತಿ

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯ ದಾದಿ ಹೇಳಿದ್ದಳು, ಮನೆಯಲ್ಲಿ ಮಾತಿಗೆ ಮಾತು ಸಿಗದಿದ್ದರೆ ಬರೆದಿಡಿ ಅಂತ. ಇಷ್ಟು ದಿನ ಬರೆಯುವಂಥದ್ದು ಏನೂ ಆಗಿರಲಿಲ್ಲ. ಈಗ ಲ್ಯಾಪ್‌ಟಾಪ್ ಸತ್ತಿದೆ.

ಮೊನ್ನೆ ಭೂಮಿದೇವರ ಹುಟ್ಟುಹಬ್ಬ. ಕಬ್ಬಿನ ಗದ್ದೆಯ ಪಕ್ಕದ ಚಿಕ್ಕ ಗುಡಿಯ ಮುಂದೆ ನಮ್ಮ ಗೊಂಬೆಯಾಟ. ಯಾರೋ ಹರಕೆ ಹೊತ್ತವನು ಪಟಾಕಿ ಸರವನ್ನು ನಮ್ಮ ಟ್ರಕ್ಕಿನ ಚಕ್ರದ ಪಕ್ಕದಲ್ಲೇ ಹಚ್ಚಿದ. ನಾನು ಬೆಚ್ಚಿದೆ, ಮೊಣಕೈ ತಗಲಿತು, ಲ್ಯಾಪ್‌ಟಾಪ್ ಟ್ರಕ್ಕಿನ ಮೇಲಿನ ರಂಗದಿಂದ ಸಿಮೆಂಟಿಗೆ ಬಿತ್ತು. ಆಟದ ಮಾತೆಲ್ಲ ಬರುವುದು ಅದರಿಂದ. ಕೆಂಪು ಮೋರೆಯ ಸೇನಾಪತಿ ಆಗಷ್ಟೇ "ಎಲೈ ದ್ರೋಹಿ" ಅಂದಿದ್ದ. ಆಮೇಲೆ ಏನೂ ಅನ್ನಲಿಲ್ಲ. ಚುಯ್-ಬೋಕ್ ಅವನನ್ನು ಎರಡೂ ಕೈ ಚಾಚಿಸಿ ಹಾಗೇ ನಿಲ್ಲಿಸಿದ್ದ. ದ್ರೋಹಿ ನನ್ನ ಕೈಯಲ್ಲಿದ್ದ, ಅವನೂ ಕಾದ.

ನೋಡುತ್ತಿದ್ದವರು ಮೂವರು ಮುದುಕರು, ಒಂದು ನಾಯಿ, ಮತ್ತೆ ದೇವರು. ಮುದುಕರಲ್ಲೊಬ್ಬ, "ಮರ್ತೋಯ್ತು ಕಣೋ ಪಾಪ" ಅಂದ. ದೇವರು ಏನೂ ದೂರು ಕೊಟ್ಟಿಲ್ಲ.

ಚುಯ್-ಬೋಕ್ ನನ್ನ ಗಂಡ. ನಮ್ಮ ಮೇಳದಲ್ಲಿ ಇರುವುದೇ ನಾವಿಬ್ಬರು. ಕಳೆದ ಶರತ್ಕಾಲದಲ್ಲಿ ಕ್ಯಾನ್ಸರ್ ಅಂತ ವೈದ್ಯರು ಅವನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾನೆ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಒಂದೇ ಸಲ ಬಳಸಿ, "ಸೇನಾಪತಿ ಕ್ಷೌರದ ಮಷೀನಿನ ಥರ ಮಾತಾಡಲ್ಲ" ಎಂದು ಬರೆದು ಡ್ರಾಯರಿಗೆ ಹಾಕಿದ. ಮಕ್ಕಳು ಬರೆದು, ಪಟ್ಟಿ ಎಳೆದು ಅಳಿಸುವ ಹಲಗೆ ಸಿಗುತ್ತದಲ್ಲ, ಅದನ್ನು ಕತ್ತಿಗೆ ತೂಗುಹಾಕಿಕೊಂಡಿದ್ದಾನೆ. ಹಲಗೆಯ ಮೂಲೆಯಲ್ಲಿ ಮೊಲದ ಚಿತ್ರವಿದೆ.

ಮೇಳಕ್ಕೆ ಇದರಿಂದ ತೊಂದರೆಯಾಗಿರಲಿಲ್ಲ. ಎಲ್ಲ ಆಟಗಳನ್ನೂ, ಎಲ್ಲ ಪಾತ್ರಗಳನ್ನೂ ಅವನು ಎಷ್ಟೋ ವರ್ಷ ಹಿಂದೆಯೇ ಧ್ವನಿಮುದ್ರಿಸಿಟ್ಟಿದ್ದ. ದೂರದೃಷ್ಟಿಯಿಂದಲ್ಲ. ಸೆಖೆಯಲ್ಲಿ ಕೂಗೋದು ಬೇಜಾರು ಅಂತ. ಎಲ್ಲವೂ ಆ ಲ್ಯಾಪ್‌ಟಾಪಿನಲ್ಲಿತ್ತು. ಇನ್ನೊಂದು ಪ್ರತಿ ಇಲ್ಲ. "ಕಾಪಿ ಮಾಡಿದ್ರೆ ನನ್ ತಮ್ಮ ಕದೀತಾನೆ" ಅಂದಿದ್ದ ಆಗ. ಬಾಯಲ್ಲೇ ಅಂದಿದ್ದ.

ಮಾರ್ಚ್ 6

ಹುವೆಯ್ ಪೇಟೆಗೆ ಹೋಗಿ ಕೋ ಎಂಬುವನಿಗೆ ತೋರಿಸಿದೆವು. ಕೋ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅದೇ ಅಂಗಡಿಯ ಮುಂಭಾಗದಲ್ಲಿ ಅವನ ಹೆಂಡತಿ ಕೋಳಿ ಕರಿದು ಮಾರುತ್ತಾಳೆ. ಹಾಗಾಗಿ ಅಂಗಡಿಯ ಎಲ್ಲ ಕೀಲಿಮಣೆಗಳೂ ಎಣ್ಣೆಗೆ ಸ್ವಲ್ಪ ಜಾರುತ್ತವೆ.

"ಅಕ್ಕ, ಇದು ಹೋಯ್ತು" ಅಂದ ಕೋ.

"ರಿಪೇರಿ?"

"ಮದರ್‌ಬೋರ್ಡೇ ಸೀಳಿಹೋಗಿದೆ. ಆದ್ರೆ ಹಾರ್ಡ್ ಡಿಸ್ಕ್ ಬದುಕಿದೆ ಅನ್ಸತ್ತೆ. ಅದನ್ನ ಬಿಚ್ಚಿ ಯಾವ್ದಾದ್ರೂ ಡೆಸ್ಕ್‌ಟಾಪಿಗೆ ಹಾಕ್ಬಹುದು. ಹೆದರ್ಕೋಬೇಡಿ." ಆಮೇಲೆ ಚುಯ್-ಬೋಕ್ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ, "ಅಣ್ಣಾ! ಹೆದರ್ಕೋಬೇಡಿ!" ಅಂತ ಕೂಗಿದ. ಮಾತು ಹೋದವನಿಗೆ ಕಿವಿಯೂ ಹೋಗಿದೆ ಅಂದುಕೊಳ್ಳುವವರು ಬಹಳ.

"ಕಿವಿ ಇದೆ" ಎಂದು ಬರೆದು ತೋರಿಸಿದ ಚುಯ್-ಬೋಕ್.

"ಸಂತೋಷ ಅಣ್ಣಾ!" ಎಂದು ಕೂಗಿದ ಕೋ.

ಮುಚ್ಚಿಹೋದ ಆಟದ ಅಂಗಡಿಯೊಂದರ ಕಂಪ್ಯೂಟರ್ ಅವನ ಹತ್ತಿರ ಇತ್ತು. ಹುಡುಗರು ಗಂಟೆಗಿಷ್ಟು ಅಂತ ಕೊಟ್ಟು ಯುದ್ಧದ ಆಟ ಆಡುತ್ತಿದ್ದ ಅಂಗಡಿ. ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಡ್ರ್ಯಾಗನ್, ಒಳಗೆ ಹಸಿರು ದೀಪ. ದೀಪ ಆರಿಸಲು ಬರುವುದಿಲ್ಲವಂತೆ. ಲ್ಯಾಪ್‌ಟಾಪಿನ ಡಿಸ್ಕ್ ನನ್ನ ಅಂಗೈಯಷ್ಟಿದೆ, ಡೆಸ್ಕ್‌ಟಾಪಿನ ಗೂಡು ಅದಕ್ಕಿಂತ ಅಗಲ. ತಂತಿ ಮಾತ್ರ ಎರಡಕ್ಕೂ ಒಂದೇ. ಅಳತೆ ಸರಿಹೊಂದಿಸುವ ಚೌಕಟ್ಟು ಬರುತ್ತದೆ, ಆದರೆ ಕೋ ಹತ್ತಿರ ಇರಲಿಲ್ಲ. ಕೋಳಿ ಕಟ್ಟುವ ರಟ್ಟಿನ ಪೆಟ್ಟಿಗೆಯನ್ನು ಮಡಚಿ ಸಂದಿಗೆ ತುರುಕಿ ಟೇಪು ಸುತ್ತಿದ.

ಅದೇ ಡಿಸ್ಕಿನಿಂದ ಯಂತ್ರ ಶುರುಮಾಡಲು ನೋಡಿದರೆ ಪರದೆ ನೀಲಿಯಾಗಿ ನಿಂತಿತು. "ಹೊಸ ಮನೆ ಒಗ್ಗ್ತಾ ಇಲ್ಲ ಅದಕ್ಕೆ" ಎಂದು ಕೋ ಆಟದಂಗಡಿಯ ಡಿಸ್ಕನ್ನೇ ಮುಂದೆ ಇಟ್ಟು, ನಮ್ಮದನ್ನು ಅದರ ಹಿಂದೆ ಎರಡನೆಯದಾಗಿ ಜೋಡಿಸಿದ. ಈಗ ಶುರುವಾಯಿತು. ಪರದೆಯ ಮೇಲೆ ಕತ್ತಿ ಹಿಡಿದ ಹುಡುಗಿಯೊಬ್ಬಳು ಬಟ್ಟೆ ಸಾಲದೆ ನಿಂತಿದ್ದಳು. ಅವಳ ಕೆಳಗೆ ನಮ್ಮ ಆಟಗಳ ಹೆಸರು.

ಒತ್ತಿದರೆ ತೆರೆಯಲಿಲ್ಲ. "ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ" ಅಂತ ಬಂತು.

ಚುಯ್-ಬೋಕ್ ಅದನ್ನು ಓದಿದ. ಹಲಗೆ ಎತ್ತಿಕೊಂಡ. "ನನ್ನದೇ ಧ್ವನಿ" ಎಂದು ಬರೆದು ಪರದೆಗೆ ಹಿಡಿದ.

"ಹಳೇ ಯಜಮಾನನ ಬೀಗ ಅದು. ತೆಗೀತೀನಿ" ಅಂದ ಕೋ. ಎಷ್ಟೋ ಹೊತ್ತು ಏನೇನೋ ಒತ್ತಿದ. ಕೊನೆಗೆ ತೆಗೆದ. ಯಾವುದನ್ನು ಒತ್ತಿದ್ದರಿಂದ ತೆರೆಯಿತೋ ಅವನಿಗೂ ಗೊತ್ತಾಗಲಿಲ್ಲ. ಒಂದು ಕಾಪಿ ಮಾಡಿಡಲಾ ಅಂದ; ಚುಯ್-ಬೋಕ್ "ಬೇಡ. ತಮ್ಮ" ಎಂದು ಬರೆದ.

ಮಾರ್ಚ್ 7

ಬೆಳಿಗ್ಗೆ ಊಟದ ಮೇಜಿನ ಮೇಲೆ ಯಂತ್ರ ಇಟ್ಟು "ಮೂರು ಸೇತುವೆಗಳ ಯುದ್ಧ" ಹಾಕಿದೆ. ತಾಳ, ಜಾಗಟೆ, ಆಮೇಲೆ ಸೇನಾಪತಿ. ಶರತ್ಕಾಲದಿಂದ ಈ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಲ್ಲ. ಕಿಟಕಿ ಗಾಜು ಅದುರಿತು.

ಚುಯ್-ಬೋಕ್ ಟ್ರಕ್ಕಿನ ಚಕ್ರಕ್ಕೆ ಗಾಳಿ ಹಾಕಿಸಲು ಹೋದ. ಚಕ್ರದಲ್ಲಿ ಗಾಳಿ ಇತ್ತು.

ಮಾರ್ಚ್ 12

ಡೆಸ್ಕ್‌ಟಾಪಿನೊಂದಿಗೆ ಮೊದಲ ಆಟ. ಪೆಟ್ಟಿಗೆ, ಪರದೆ, ಕೀಲಿಮಣೆ, ತಂತಿಗಳನ್ನೆಲ್ಲ ರಜಾಯಿಯಲ್ಲಿ ಸುತ್ತಿ ಗೊಂಬೆಗಳ ಪಕ್ಕ ಮಲಗಿಸಿದೆವು. ಗುಡಿಯ ಅಡಿಗೆಯವಳು ಕೇಳಿದಳು, "ಅದ್ಯಾಕೆ ನಿಮ್ ಗೊಂಬೆಗಳೆಲ್ಲ ಹಸಿರಾಗಿವೆ?" ದೀಪದಿಂದ. ದೇವಲೋಕದ ಆಟ ಅಂದುಬಿಟ್ಟೆ.

ಆಟ ಆಡಿಸುವ ಗುಡಿ ಸಮಿತಿಯವರು ಊಟಕ್ಕೆ ಬೇಗ ಎದ್ದರು. ನಾವೂ ಬೇಗ ಮುಗಿಸಿದೆವು. ತೊಂದರೆ ಏನೂ ಆಗಲಿಲ್ಲ.

ಮಾರ್ಚ್ 15

ಡಿಸ್ಕನ್ನು ಆಗಾಗ ಓಡಿಸಿ ನೋಡುವುದು ಒಳ್ಳೆಯದು. ಹಳೆಯ ವಸ್ತು, ಹೊಸ ಜಾಗ. ಚುಯ್-ಬೋಕ್ ಹಿತ್ತಲಲ್ಲಿ ಈರುಳ್ಳಿ ಗಿಡಕ್ಕೆ ನೀರು ಹಾಕುವ ಹೊತ್ತಿಗೆ ನಾನು ಒಂದೊಂದು ಆಟವನ್ನೂ ಪರೀಕ್ಷೆ ಮಾಡುತ್ತಿದ್ದೇನೆ.

"ಬಿಳಿ ಆನೆಯ ವರ" ಆಟದ ತುದಿಯಲ್ಲಿ, ಜಾಗಟೆ ನಿಂತ ಮೇಲೆ, ಅವನು ತನ್ನ ಸ್ವಂತ ಧ್ವನಿಯಲ್ಲಿ, "ಚಿಯೋಕ್, ಆಫ್ ಮಾಡೇ. ಊಟ ಏನಿದೆ?" ಅನ್ನುತ್ತಾನೆ. ಚಿಯೋಕ್ ಅಂದರೆ ನಾನು. ಆವತ್ತು ಧ್ವನಿಮುದ್ರಣ ನಿಲ್ಲಿಸುವ ಗುಂಡಿ ಒತ್ತುವುದು ತಡವಾಗಿತ್ತು. ಪಾತ್ರದ ಧ್ವನಿಯಲ್ಲದ್ದು ಇಡೀ ಡಿಸ್ಕಿನಲ್ಲಿ ಅದೊಂದೇ.

ಆ ತುದಿ ಸರಿಯಾಗಿದೆ. ನಾಲ್ಕಾರು ಸಲ ನೋಡಿದೆ.

ಮಾರ್ಚ್ 19

ಇವತ್ತು ತೊಂದರೆ ಆಯಿತು.

ಮೀನುಪೇಟೆಯ ಹಿಂದಿನ ಗುಡಿ. ಸೇನಾಪತಿ ತಾಯಿಯ ಕಾಲಿಗೆರಗಿ ಯುದ್ಧಕ್ಕೆ ಹೊರಡುವ ಭಾಗ. ಆಟ ಶುರುವಾಗಿ ಸರಿಯಾಗಿ ಒಂದು ಗಂಟೆ ಆಗಿರಬೇಕು, ಇದ್ದಕ್ಕಿದ್ದಂತೆ ಸದ್ದೆಲ್ಲ ನಿಂತಿತು. ಪರದೆಯ ಮೇಲೆ ಕತ್ತಿಯ ಹುಡುಗಿ, ಅವಳ ಎದೆಗೆ ಅಡ್ಡವಾಗಿ ದೊಡ್ಡ ಅಕ್ಷರ: "ನಿಮ್ಮ ಸಮಯ ಮುಗಿದಿದೆ. ದಯವಿಟ್ಟು ಕೌಂಟರಿಗೆ ಬನ್ನಿ."

ಆಟದಂಗಡಿಯ ಗಡಿಯಾರವನ್ನು ಕೋ ತೆಗೆದಿರಲಿಲ್ಲ.

ಚುಯ್-ಬೋಕ್ ಅದನ್ನು ಓದಿದ. ಅಂಥ ಕಾಯಿಲೆಯಿಂದ ಎದ್ದು ಬಂದವನು ಓದಬೇಕಾದ ವಾಕ್ಯವಲ್ಲ ಅದು. ಓದಿ ನನ್ನ ಮುಖ ನೋಡಿದ. ರಂಗದ ಮೇಲೆ ಸೇನಾಪತಿ ತಾಯಿಯ ಕಾಲ ಮೇಲೆ ಬಿದ್ದೇ ಇದ್ದ. ತಾಯಿ ನನ್ನ ಬಲಗೈಯಲ್ಲಿದ್ದಳು. ಮುಂದಿನ ಮಾತು ಅವಳದ್ದು.

"ಏಳಪ್ಪಾ" ಅಂದೆ.

ನನ್ನ ಮಾವ ಇದ್ದಾಗ ರಂಗದ ಹಿಂದೆ ಹೆಂಗಸರು ಕೆಮ್ಮುವ ಹಾಗಿರಲಿಲ್ಲ. ಆಮೇಲೂ ನಾನು ಕೆಮ್ಮಿಲ್ಲ. ಆದರೆ ಮಗ ಕಾಲ ಮೇಲೆ ಬಿದ್ದಿದ್ದಾನೆ, ಯಾರಾದರೂ ಏಳು ಅನ್ನಬೇಕಲ್ಲ. ಅವಳು ಅಂದ ಮೇಲೆ ಅವನು ಉತ್ತರ ಕೊಡಬೇಕು. ಅದನ್ನೂ ನಾನೇ ಕೊಟ್ಟೆ. ಸೇನಾಪತಿ ಆಡಿನ ಹಾಗೆ ಮಾತಾಡಿದ. ಚುಯ್-ಬೋಕ್ ಕಾಲಲ್ಲಿ ನೆಲಕ್ಕೆ ಬಡಿದು ಜಾಗಟೆಯ ಲೆಕ್ಕ ಕೊಟ್ಟ. ಹೇಗೋ ಯುದ್ಧ ಮುಗಿಸಿದೆವು. ಸೈನಿಕರನ್ನು ಕಡಿಮೆ ಮಾಡಿದೆವು.

ಟ್ರಕ್ಕಿನಲ್ಲಿ ಕುಳಿತ ಮೇಲೆ ಹಲಗೆ ನನ್ನ ಕಡೆ ತಿರುಗಿತು: "ಸೇನಾಪತಿಗೆ ನೆಗಡಿಯಾ?"

"ಹೌದು. ನೀನು ಕೊಟ್ಟಿದ್ದು" ಅಂದೆ.

ಪಟ್ಟಿ ಎಳೆದು ಇನ್ನೊಂದು ಬರೆದ: "ತಾಯಿ ಪರವಾಗಿಲ್ಲ."

ಮಾರ್ಚ್ 20

ಕೋ ಗಡಿಯಾರ ತೆಗೆದ. ಹುಡುಗಿಯನ್ನು ತೆಗೆಯಲಾಗಲಿಲ್ಲ.

ಮಾರ್ಚ್ 27

ಮೈದುನ ಹಿಂಗ್-ಬೋಕ್ ಬಂದಿದ್ದ, ಅನಾನಸ್ ಕಡುಬಿನ ಪೆಟ್ಟಿಗೆ ಹಿಡಿದುಕೊಂಡು. ಅವನೂ ಗೊಂಬೆಯಾಟದವನೇ. ಅವನ ಟ್ರಕ್ಕಿನ ರಂಗ ಮೂರು ಪಟ್ಟು ದೊಡ್ಡದು. ಹೊಗೆ ಬರುತ್ತದೆ, ದೀಪ ತಿರುಗುತ್ತದೆ, ಗೊಂಬೆಗಳು ಮೋಟಾರ್ ಸೈಕಲ್ ಹೊಡೆಯುತ್ತವೆ. ಧ್ವನಿ ಮಾತ್ರ ಪೇಟೆಯಲ್ಲಿ ಕೊಂಡದ್ದು.

ಕುಳಿತ. ಚಹಾ ಕುಡಿದ. ಡ್ರ್ಯಾಗನ್ ಪೆಟ್ಟಿಗೆಯನ್ನು ನೋಡಿದ.

"ಅಣ್ಣ ಇದರೊಳಗಿದಾನಾ?"

"ಅಣ್ಣ ಇಲ್ಲೇ ಕೂತಿದಾನೆ" ಅಂದೆ.

"ಅಯ್ಯೋ ಅತ್ತಿಗೆ, ನಾನಂದಿದ್ದು ಧ್ವನಿ. ಕೇಳಿ, ಸುತ್ತಿ ಬಳಸಿ ಹೇಳಲ್ಲ. ಈ ಜಿಲ್ಲೇಲಿ ಅಣ್ಣನಂಥ ಕಂಠ ಇನ್ನೊಂದಿಲ್ಲ. ಅದು ಇಲ್ಲಿ ರಟ್ಟಿನ ಪೆಟ್ಟಿಗೇಲಿ, ಮೂರು ಮುದುಕರ ಮುಂದೆ ಓಡ್ತಿದೆ. ನನಗೆ ಕೊಡಿ. ಸಾವಿರಾರು ಜನ ಕೇಳ್ತಾರೆ. ಫಲಕದ ಮೇಲೆ ಅಣ್ಣನ ಹೆಸರು ಹಾಕ್ತೀನಿ. ನೀವಿಬ್ಬರೂ ಮನೇಲಿ ಆರಾಮಾಗಿ ಕೂತ್ಕೊಳಿ."

"ಕೂತ್ಕೊಂಡು?"

"ಕೂತ್ಕೊಂಡು... ಏನಾದ್ರೂ. ಅಣ್ಣನಿಗೆ ವಿಶ್ರಾಂತಿ ಬೇಕು. ನಿಮಗೂ ಬೇಕು, ಕಣ್ ಕೆಳಗೆ ನೋಡ್ಕೊಳಿ ಒಂದ್ಸಲ."

"ನಾನು ಹುಟ್ಟಿದಾಗ್ಲೇ ಹೀಗಿದ್ದೆ. ಕಡುಬು ತಿನ್ನು."

ಚುಯ್-ಬೋಕ್ ಬರೆದ: "ಯೋಚಿಸ್ತೀನಿ." ಅಳಿಸಲಿಲ್ಲ. ತಮ್ಮ ಹೋದ ಮೇಲೂ ಅದು ಹಲಗೆಯ ಮೇಲೆ ಹಾಗೇ ಇತ್ತು, ಮೊಲದ ಪಕ್ಕ. ನಾನೇ ಪಟ್ಟಿ ಎಳೆದೆ.

ಯೋಚಿಸುವಂಥದ್ದು ಏನಿದೆ?

ಏಪ್ರಿಲ್ 2

ಸಕ್ಕರೆ ಕಾರ್ಖಾನೆಯ ಹಳಿ ದಾಟುವಾಗ ಟ್ರಕ್ ಎಗರಿತು. ಪೆಟ್ಟಿಗೆಯೊಳಗೆ ಏನೋ ಟಕ್ ಅಂತು. ಬಿಚ್ಚಿ ನೋಡಿದರೆ, ಸೆಖೆಗೆ ಟೇಪು ಅಂಟು ಬಿಟ್ಟು, ಡಿಸ್ಕ್ ತಂತಿಯಲ್ಲಿ ಜೋತಾಡುತ್ತಿತ್ತು. ಮತ್ತೆ ಸಿಕ್ಕಿಸಿದೆ. ಆಟಕ್ಕೆ ಕೂತರೆ ಸೇನಾಪತಿ "ಎಲೈ ದ್ರೋ ದ್ರೋ ದ್ರೋ ದ್ರೋ" ಅನ್ನತೊಡಗಿದ. ದ್ರೋಹಿಗೆ ನಗು ಬಂತು. ಅಂದರೆ ನನಗೆ.

ಮಿಕ್ಕದ್ದನ್ನು ನಾನೇ ಹೇಳಿದೆ.

ಕೋ ನೋಡಿ, "ಗೀರು ಬಿದ್ದಿದೆ ಅಕ್ಕ. ಕೆಲವು ಆಟ ಹಾಳಾಗಿವೆ, ಕೆಲವು ಚೆನ್ನಾಗಿವೆ. ಆದ್ರೆ ಇದು ಇನ್ನು ಟ್ರಕ್ಕಿನಲ್ಲಿ ತಿರುಗೋ ವಯಸ್ಸಿನದಲ್ಲ" ಅಂದ. ಈಗ ನಿಜವಾದ ಚೌಕಟ್ಟು ತರಿಸಿ ಸ್ಕ್ರೂ ಹಾಕಿದ್ದಾನೆ. ಮೊದಲೇ ಹಾಕಬಹುದಿತ್ತು ಅಂದೆ. ಮೊದಲೇ ಕೇಳಬಹುದಿತ್ತು ಅಂದ.

ಮನೆಗೆ ಬಂದು ಮೊದಲು "ಬಿಳಿ ಆನೆಯ ವರ"ದ ತುದಿ ನೋಡಿದೆ. ಇದೆ.

ಏಪ್ರಿಲ್ 5

ಹಾಳಾದ ಆಟಗಳು ಸಮಿತಿಯವರು ಈಗಾಗಲೇ ಗೊತ್ತುಮಾಡಿದವು. ಬೇರೆ ಕೊಡುತ್ತೇವೆ ಅಂದರೆ ಆಗದು. ದೇವರ ಮುಂದೆ ಕೇಳಿ ಒಪ್ಪಿಗೆ ಪಡೆದಿದ್ದಾರೆ. ಹಾಗಾಗಿ ಅಭ್ಯಾಸ. ಇದು ತಾತ್ಕಾಲಿಕ.

ಚುಯ್-ಬೋಕ್ ಕಲಿಸುವ ರೀತಿ ನನಗೆ ಹಿಡಿಸುವುದಿಲ್ಲ. ಬರೆದು ಹೇಳುವಷ್ಟು ತಾಳ್ಮೆ ಅವನಿಗಿಲ್ಲ. ಗೊಂಬೆಯನ್ನು ಕೈಗೆ ಹಾಕಿಕೊಂಡು ನನ್ನ ಮುಂದೆ ಕೂರುತ್ತಾನೆ. ನಾನು ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ಗೊಂಬೆಯ ಭುಜ ಏಳುತ್ತದೆ. ಎಲ್ಲಿ ಅವಸರ ಮಾಡುತ್ತೇನೋ ಅಲ್ಲಿ ಗೊಂಬೆ ತಿರುಗಿ ನನ್ನನ್ನು ದಿಟ್ಟಿಸುತ್ತದೆ. ತಪ್ಪಿದರೆ ತಲೆ ಚಚ್ಚಿಕೊಳ್ಳುತ್ತದೆ. ಇವತ್ತು ಸೇನಾಪತಿ ನನ್ನ ಕಡೆ ಬೆನ್ನು ಮಾಡಿ ಮೇಜಿನಿಂದ ಕೆಳಗೆ ಹಾರಿ ಪ್ರಾಣ ಬಿಟ್ಟ.

"ಅಷ್ಟು ಕಷ್ಟ ಆದ್ರೆ ನೀನೇ ಹೇಳು!" ಅಂದುಬಿಟ್ಟೆ.

ಅಂದ ಮೇಲೆ ಇಬ್ಬರೂ ಸುಮ್ಮನಾದೆವು. ಒಬ್ಬನು ಹೇಗೂ ಸುಮ್ಮನಿದ್ದ.

ಆಮೇಲೆ ಅವನು ಬರೆದ: "ಹೊಟ್ಟೆಯಿಂದ. ಗಂಟಲಿಂದ ಅಲ್ಲ. ಗಂಟಲನ್ನ ನಂಬಬೇಡ."

ಮತ್ತೆ ಶುರು ಮಾಡಿದೆವು.

ಏಪ್ರಿಲ್ 9

ಗಂಟಲು ನೋವು. ಜೇನು, ಶುಂಠಿ. ಬರೆಯಲು ಹೊತ್ತಿಲ್ಲ. ಖಳನ ನಗು ಇನ್ನೂ ಬರುತ್ತಿಲ್ಲ. ಪಕ್ಕದ ಮನೆಯವಳು ಬಂದು, ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿ ಹೋದಳು.

ಏಪ್ರಿಲ್ 14

ವೈದ್ಯದೇವರ ಹುಟ್ಟುಹಬ್ಬ. ಅರ್ಧ ಆಟ ಡಿಸ್ಕಿನದು, ಅರ್ಧ ನನ್ನದು. ಎಲ್ಲಿ ಅವನು ನಿಂತು ಎಲ್ಲಿ ನಾನು ಶುರುವಾಗುತ್ತೇನೆ ಅಂತ ತಿಳಿಯಬಾರದು ಎಂಬುದು ಚುಯ್-ಬೋಕ್ ಕಟ್ಟಪ್ಪಣೆ. ತಿಳಿಯಲಿಲ್ಲ ಅಂತ ಕಾಣುತ್ತದೆ. ಆಟ ಮುಗಿದ ಮೇಲೆ ಕಡಲೆಕಾಯಿ ಮಾರುವ ಮುದುಕಿ ರಂಗದ ಹಿಂದೆ ಬಂದು ಅವನ ಕೈ ಹಿಡಿದುಕೊಂಡಳು.

"ಚುಯ್-ಬೋಕ್! ಗಂಟಲು ವಾಸಿಯಾಯ್ತೇನಪ್ಪಾ! ದೇವರು ದೊಡ್ಡವನು. ಅದರಲ್ಲೂ ಆ ವಿಧವೆ ಅಳೋದು, ಹಿಂದೆಲ್ಲ ನೀನು ಇಷ್ಟು ಚೆನ್ನಾಗಿ ಅತ್ತಿರಲಿಲ್ಲ."

ವಿಧವೆ ಪೂರ್ತಿ ನಾನು.

ಚುಯ್-ಬೋಕ್ ತಲೆಯಾಡಿಸಿದ. ಹೌದು ಎಂಬಂತೆ ತಲೆಯಾಡಿಸಿ, ಅವಳು ಕೊಟ್ಟ ಕಡಲೆಕಾಯಿಯನ್ನೂ ತೆಗೆದುಕೊಂಡ.

ದಾರಿಯುದ್ದಕ್ಕೂ ಅವನು ಹಲಗೆ ಎತ್ತಿದಾಗಲೆಲ್ಲ ಕಿಟಕಿಯಾಚೆ ನೋಡಿದೆ. ಮೇಳ ಅವನದು, ಹೆಸರು ಅವನದು, ಅದೆಲ್ಲ ಸರಿ. ನನಗೇನೂ ಬೇಕಾಗಿಲ್ಲ. ಕಡಲೆಕಾಯಿಯಾದರೂ ಕೊಡಬಹುದಿತ್ತು.

ಏಪ್ರಿಲ್ 16

ಕಡಲೆಕಾಯಿ ನನ್ನ ತಟ್ಟೆಯ ಪಕ್ಕ ಇತ್ತು. ಸುಲಿದದ್ದು. ಮುಟ್ಟಲಿಲ್ಲ. ಸಂಜೆ ತಿಂದೆ.

ಏಪ್ರಿಲ್ 19, ಶನಿವಾರ

ಸಂತೆಗೆ ಹೋಗಿ ಬಂದೆ. ಮೇಜಿನ ಮೇಲೆ ಡ್ರ್ಯಾಗನ್ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಹಸಿರು ದೀಪ ಉರಿಯುತ್ತಿತ್ತು. ಚೌಕಟ್ಟು ಇತ್ತು. ಚೌಕಟ್ಟಿನೊಳಗೆ ಡಿಸ್ಕ್ ಇರಲಿಲ್ಲ.

"ಕೋ ಹತ್ರ ಕೊಟ್ಯಾ?" ಅಂದೆ.

ಇಲ್ಲ ಎಂದು ತಲೆಯಾಡಿಸಿದ. ಬರೆದ: "ಹಿಂಗ್-ಬೋಕ್."

"ಕಾಪಿ ಮಾಡೋಕಾ?"

"ಡಿಸ್ಕೇ ಕೊಟ್ಟೆ. ಅವನ ಯಂತ್ರ ಅಲುಗಾಡಲ್ಲ."

ನಾನು ಏನೇನು ಅಂದೆ ಅಂತ ಪೂರ್ತಿ ನೆನಪಿಲ್ಲ. ತರಕಾರಿ ಚೀಲ ಕೈಯಲ್ಲೇ ಇತ್ತು. ಮಂಗಳವಾರ ಕಡಲದೇವಿ ಮಾಚೋ ತಾಯಿಯ ಹುಟ್ಟುಹಬ್ಬ, ವರ್ಷದ ದೊಡ್ಡ ಆಟ, ಅದಕ್ಕೆ ಏನು ಮಾಡುತ್ತೀಯಾ ಅಂದೆ. ಕದೀತಾನೆ ಕದೀತಾನೆ ಅಂತ ಬಚ್ಚಿಟ್ಟು, ಈಗ ನೀನೇ ಕೈಯಲ್ಲಿ ಹಿಡಿದು ಕೊಟ್ಟೆಯಲ್ಲ ಅಂದೆ. ಮಾಚೋ ತಾಯಿ ಬೀದಿಯಲ್ಲಿ ನಮ್ಮ ಎದುರಿನ ರಂಗ ಯಾರದು ಗೊತ್ತಾ, ಅವನದೇ ಅಂದೆ. ಗೊತ್ತು ಎಂದು ತಲೆಯಾಡಿಸಿದ. ಅವನು ಬರೆಯುವ, ಅಳಿಸುವ, ಬರೆಯುವ ಹೊತ್ತಿಗೆ ನಾನು ಮುಂದಿನ ಜಗಳಕ್ಕೆ ಹೋಗಿರುತ್ತಿದ್ದೆ. ಅವನ ಉತ್ತರಗಳೆಲ್ಲ ಹಿಂದಿನ ಪ್ರಶ್ನೆಗೆ ಬಂದು ಬೀಳುತ್ತಿದ್ದವು.

"ನೀನು ಅದರೊಳಗಿದ್ದೆ!" ಅಂದೆ ಕೊನೆಗೆ. "ಅದರ ತುದೀಲಿ ನೀನಿದ್ದೆ!"

ಯಾವ ತುದಿ ಅಂತ ಅವನು ಕೇಳಲಿಲ್ಲ. ಈರುಳ್ಳಿಗೆ ನೀರು ಹಾಕುವ ಜಾಗದಿಂದ ಈ ಕಿಟಕಿ ದೂರವಿಲ್ಲ ಎಂದು ನನಗೆ ಆಗ ಹೊಳೆಯಿತು. ಅವನು ಪಟ್ಟಿ ಎಳೆದ. ನಿಧಾನವಾಗಿ, ದೊಡ್ಡದಾಗಿ ಬರೆದು, ನನ್ನ ಕಡೆ ಹಿಡಿದ.

"ಚಿಯೋಕ್. ಊಟ ಏನಿದೆ?"

ನೀರುಪಾಲಕ್ ಸೊಪ್ಪು ಇತ್ತು. ಬೆಳ್ಳುಳ್ಳಿ ಹಾಕಿ ಬಾಡಿಸಿದೆ. ಕಣ್ಣು ಉರಿಯಿತು. ಬಾಣಲೆ ತುಂಬ ಕಾದಿತ್ತು.

ಏಪ್ರಿಲ್ 20

ಬೇರೆ ದಾರಿ ಇಲ್ಲ. ಎಷ್ಟೋ ವರ್ಷ ಕೇಳಿ ಕೇಳಿ ನನಗೆ ಕೊನೆಯವರೆಗೂ ಬಾಯಿಪಾಠ ಇರುವುದು "ಮೂರು ಸೇತುವೆಗಳ ಯುದ್ಧ" ಒಂದೇ. ಅದನ್ನೇ ಆಡುವುದು. ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ.

ಸಿಟ್ಟು ಇದೆ. ಖಳನ ನಗು ಚೆನ್ನಾಗಿ ಬಂತು.

ಏಪ್ರಿಲ್ 23, ಬುಧವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಕೈ ಎತ್ತಲಾಗುತ್ತಿರಲಿಲ್ಲ.

ಮಾಚೋ ತಾಯಿ ಗುಡಿಯ ಮುಂದಿನ ಬೀದಿ. ಈ ಬದಿಗೆ ನಾವು, ಆ ಬದಿಗೆ ಹಿಂಗ್-ಬೋಕ್‌ನ ದೊಡ್ಡ ಟ್ರಕ್. ಅವನ ಫಲಕದ ಮೇಲೆ ನಿಜಕ್ಕೂ ಅಣ್ಣನ ಹೆಸರು, ದೀಪದಲ್ಲಿ. ನಮ್ಮ ಫಲಕದ ಮೇಲೆಯೂ ಅದೇ ಹೆಸರು, ಬಣ್ಣ ಹೋದದ್ದು. ಸಮಿತಿಯ ಅಧ್ಯಕ್ಷ ಥಾಂಗ್ ಎರಡನ್ನೂ ನೋಡಿ ತಲೆ ಕೆರೆದುಕೊಂಡ.

"ಇಬ್ರೂ ಚುಯ್-ಬೋಕಾ? ಸರಿ, ಯಾವ ಆಟ?"

"ಮೂರು ಸೇತುವೆ" ಅಂದೆ.

"ಅಲ್ಲೂ ಅದೇ ಅಂದ್ರಲ್ಲ!"

ಹಿಂಗ್-ಬೋಕ್ ಓಡಿಬಂದ. "ಅತ್ತಿಗೆ, ಡಿಸ್ಕಿನಲ್ಲಿ ಗೀರು ಬೀಳದೆ ಚೆನ್ನಾಗಿರೋ ದೊಡ್ಡ ಆಟ ಅಂದ್ರೆ ಅದೇ. ನಾನು ಬದ್ಲಾಯಿಸಲಾರೆ."

"ನಾನೂ ಬದ್ಲಾಯಿಸಲಾರೆ."

"ತಾಯಿಗೆ ಎರಡು ಸಲ ಕೇಳಿಸ್ಲಿ ಬಿಡಿ" ಅಂದ ಥಾಂಗ್. "ಮೂರೂವರೆಗೆ ಪಟಾಕಿ. ಆಗ ಇಬ್ರೂ ಶುರು ಮಾಡಿ."

ಪಟಾಕಿ ಹಾರಿತು. ಅಲ್ಲಿ ಹೊಗೆ ಎದ್ದಿತು, ದೀಪ ತಿರುಗಿತು, ಜಾಗಟೆ ಬಡಿಯಿತು. ಆಮೇಲೆ ಸೇನಾಪತಿ ಬಂದ. ಅಷ್ಟು ದೊಡ್ಡ ಸ್ಪೀಕರುಗಳಲ್ಲಿ ನಾನು ಅವನನ್ನು ಕೇಳಿರಲಿಲ್ಲ. ನನ್ನ ಎದೆಗೂಡಿನೊಳಗೇ ಮಾತಾಡಿದಂತಿತ್ತು. ಇಡೀ ಬೀದಿ ಆ ಕಡೆ ತಿರುಗಿತು. ನಾನೂ ತಿರುಗಿದೆ.

ಚುಯ್-ಬೋಕ್ ತಿರುಗಲಿಲ್ಲ. ಅವನ ಎರಡೂ ಕೈಗಳಲ್ಲಿ ಗೊಂಬೆಗಳು ಸಿದ್ಧವಾಗಿದ್ದವು. ಸೇನಾಪತಿಯ ಭುಜ ಎದ್ದಿತ್ತು, ಉಸಿರು ಎಳೆದುಕೊಂಡು. ಅವನು ಹಾಗೆ ಎಷ್ಟು ಹೊತ್ತು ಕಾದನೋ. ನಾನು ಶುರು ಮಾಡಿದೆ.

ನಮ್ಮ ಮುಂದೆ ಜನ ಇದ್ದರು. ಮುದುಕರು. ಕುರ್ಚಿಗಳು ಈ ಬದಿಯಲ್ಲಿದ್ದವು. ಕಡಲೆಕಾಯಿಯ ಮುದುಕಿ ಮೊದಲ ಸಾಲಿನಲ್ಲಿ ಕೂತು ಎದುರಿನ ಟ್ರಕ್ಕನ್ನು ನೋಡಿದಳು, ನಮ್ಮ ರಂಗವನ್ನು ನೋಡಿದಳು, ಎದ್ದು ಪಕ್ಕದಿಂದ ಇಣುಕಿ ನನ್ನ ಬಾಯಿಯನ್ನು ನೋಡಿದಳು. ಹೋಗಿ ಮತ್ತೆ ಕೂತಳು. ಪಕ್ಕದವನಿಗೆ ಏನೋ ಹೇಳಿದಳು. ಅವನೂ ಬಂದು ಇಣುಕಿದ. ಹಾಗೆ ಸಾಲಿನಲ್ಲಿ ಇದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಇಣುಕಿ ಹೋದರು. ಅಂಥ ಹೊತ್ತಿನಲ್ಲಿ ಖಳನ ಹಾಗೆ ನಗುವುದು ಸುಲಭವಲ್ಲ.

ಮೂರನೆಯ ಸೇತುವೆಯ ಭಾಗ ಬಂತು. ಸೇನಾಪತಿ ಸೇತುವೆಯ ಈ ತುದಿಯಲ್ಲಿ ನಿಂತು ಸವಾಲು ಹಾಕಬೇಕು. ಅವರದ್ದೂ ನಮ್ಮದೂ ಹೆಚ್ಚುಕಮ್ಮಿ ಒಟ್ಟಿಗೇ ಸಾಗುತ್ತಿತ್ತು. ನನಗೆ ಗೊತ್ತಿದ್ದದ್ದು ಅವನ ಲಯವೇ. ಅವರು ಅರೆಕ್ಷಣ ಮುಂದಿದ್ದರು. ಬೀದಿಯ ಆ ಬದಿಯಿಂದ ನನ್ನ ಗಂಡನ ಕಂಠ ಮೊಳಗಿತು:

"ಯಾರೋ ಅದು ಎದುರಿಗೆ? ಗಂಡಸಾದರೆ ಬಾಯಿ ಬಿಡು!"

ಇಲ್ಲಿ ಒಂದು ಬಿಡುವಿದೆ. ಆಟಕ್ಕೆ ಬೇಕಾಗಿ ಅಲ್ಲ. ಧ್ವನಿಮುದ್ರಿಸುವಾಗ ಚುಯ್-ಬೋಕ್ ಇಲ್ಲಿ ಸಿಗರೇಟಿನ ಒಂದು ದಮ್ಮು ಎಳೆದಿದ್ದ. ಆ ದೊಡ್ಡ ಸ್ಪೀಕರಿನಲ್ಲಿ ಎಳೆದದ್ದೂ ಕೇಳಿಸಿತು. 

ನನ್ನ ಕೈಯಲ್ಲಿ ಕಪ್ಪು ಗಡ್ಡದ ಖಳ ಇದ್ದ. ಅವನನ್ನು ಬೀದಿಯ ಆಚೆಗೆ ತಿರುಗಿಸಿದೆ. ಮಾತು ಆಟದಲ್ಲಿಲ್ಲದ್ದು. ಎಲ್ಲಿಂದ ಬಂತೋ ಗೊತ್ತಿಲ್ಲ. ಹೊಟ್ಟೆಯಿಂದ ಬಂತು.

"ಗಂಡಸಲ್ಲ ಕಣಯ್ಯಾ, ನಿನ್ನ ಹೆಂಡತಿ! ಅಷ್ಟು ಕೂಗಬೇಡ, ಕೇಳಿಸ್ತಾ ಇದೆ!"

ಬೀದಿಯ ಎರಡೂ ಬದಿಯ ಜನ ಒಮ್ಮೆಲೇ ನಕ್ಕರು. ಆ ಬದಿಯವರು ಬೆನ್ನು ತಿರುಗಿಸಿ ನಮ್ಮ ಕಡೆ ನೋಡಿದರು. ಆ ಹೊತ್ತಿಗೆ ಅಲ್ಲಿಯ ಸೇನಾಪತಿ ದಮ್ಮು ಮುಗಿಸಿ, "ಯಾಕೆ ಸುಮ್ಮನಾದೆ, ಹೇಡಿ!" ಅಂದ. ಅದು ಮಾತ್ರ ಆಟದಲ್ಲಿದ್ದದ್ದೇ. ಜನ ಮತ್ತೆ ನಕ್ಕರು. ಹಿಂಗ್-ಬೋಕ್ ಪರದೆ ಸರಿಸಿ ತಲೆ ಹೊರಹಾಕಿದ.

ನನ್ನ ಪಕ್ಕದಲ್ಲಿ ಶಿಳ್ಳೆ ಹೊಡೆದ ಹಾಗೆ ಸದ್ದಾಯಿತು. ನೋಡಿದರೆ ಚುಯ್-ಬೋಕ್. ಮೈಯೆಲ್ಲ ಕುಲುಕುತ್ತಿತ್ತು, ಮುಖ ಕೆಂಪಾಗಿತ್ತು, ಕತ್ತಿನ ತೂತಿನಿಂದ ಗಾಳಿ ಹುಯ್ ಹುಯ್ ಅನ್ನುತ್ತಿತ್ತು. ಕಫ ಕಟ್ಟಿಕೊಂಡಿತು ಅಂದುಕೊಂಡು ಒಂದು ಕೈಯ ಗೊಂಬೆ ಕಳಚಿ, ಕಾಗದದ ಕರವಸ್ತ್ರ ತೆಗೆದು ಒರೆಸಲು ಹೋದೆ. ನನ್ನ ಕೈಯನ್ನು ಸೇನಾಪತಿಯಿಂದಲೇ ಆಚೆ ತಳ್ಳಿದ. ಮತ್ತೆ ಕುಲುಕಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಆಪರೇಷನ್ ಆದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಹೀಗೆ ಸದ್ದು ಬರುತ್ತದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಯುದ್ಧ. ಆ ಕಡೆಯವರಿಗೇ ಕೊನೆಯವರೆಗೂ ಜನ ಹೆಚ್ಚಿದ್ದರು; ಅಲ್ಲಿ ಹೊಗೆ ಇತ್ತು. ನಮ್ಮ ಕುರ್ಚಿಗಳೂ ಖಾಲಿಯಾಗಲಿಲ್ಲ.

ಏಪ್ರಿಲ್ 26

ಥಾಂಗ್ ಫೋನ್ ಮಾಡಿದ್ದ. ಮುಂದಿನ ತಿಂಗಳು ಅವನ ಮಾವನ ಊರಿನಲ್ಲಿ ಆಟ ಬೇಕಂತೆ. "ಆ ಜಗಳಗಂಟಿ ಹೆಂಡತೀದು" ಅಂದ. ಅಂಥ ಆಟ ನಮ್ಮಲ್ಲಿಲ್ಲ ಅಂದೆ. ಚುಯ್-ಬೋಕ್ ಫೋನಿನ ಮುಂದೆ ಹಲಗೆ ಹಿಡಿದ: "ಇದೆ ಅನ್ನು."

ಈಗ ಅದನ್ನು ಕಟ್ಟಬೇಕು. ಮುಂಜಾನೆಯಿಂದ ಕೂತಿದ್ದೇವೆ. ಅವನು ಗಂಡನ ಗೊಂಬೆ ಹಾಕಿಕೊಂಡಿದ್ದಾನೆ, ನಾನು ಹೆಂಡತಿಯದು. ಗಂಡನ ಮಾತೂ ನನ್ನದೇ. ಗಂಡ ಮನೆಗೆ ತಡವಾಗಿ ಬಂದಿದ್ದಾನೆ, ಅವಳು ಬಾಗಿಲು ತೆಗೆಯುತ್ತಿಲ್ಲ, ಅಲ್ಲಿಗೆ ಬಂದು ನಿಂತಿದೆ. ಅವಳು ಬಾಗಿಲಾಚೆಯಿಂದ, "ಇಷ್ಟೊತ್ತಿಗೆ ಊಟ ಏನೂ ಇಲ್ಲ!" ಅಂದಳು, ಅಂದರೆ ನಾನು ಅಂದೆ. ಗಂಡನ ಗೊಂಬೆ ಸ್ವಲ್ಪ ಹೊತ್ತು ಯೋಚಿಸಿ, ಬಾಗಿಲ ಮುಂದೆ ಕಾಲು ಚಾಚಿ ಕುಳಿತಿತು.

ಚುಯ್-ಬೋಕ್ ಇನ್ನೊಂದು ಕೈಯಲ್ಲಿ ಬರೆದ: "ಇನ್ನೊಂದ್ಸಲ ಹೇಳು."

ಹೇಳಿದೆ.